ನೀರಿನ ಸಾಹೇಬರು ಪುದೀನ ತಿಂದದ್ದು

ಅಡುಗೆಮನೆಯಿಂದ ಪುದೀನದ ಘಾಟು ಬಂದರೆ ಬೇರೆ ಗಂಡಸರ ಬಾಯಲ್ಲಿ ನೀರೂರುತ್ತದೆ. ನೀರಿನ ಸಾಹೇಬರ ಬಾಯಿ ಒಣಗಿತು.

ನೀರಿನ ಸಾಹೇಬರೆಂದರೆ ಬೀದಿಯವರು ಇಟ್ಟ ಹೆಸರು. ಊರ ಕಾಲುವೆಯ ನೀರು ಪರೀಕ್ಷಿಸಿ ಒಳ್ಳೆಯದೋ ಕೆಟ್ಟದ್ದೋ ಹೇಳುವುದು ಅವರ ಸರ್ಕಾರಿ ಕೆಲಸ. ಅವರು ಒಳ್ಳೆಯದೆಂದೇ ಹೇಳುತ್ತಿದ್ದರು. (ಸಂಭಾವಿತರು, ಯಾರನ್ನೂ ಕೆಟ್ಟವರೆಂದವರಲ್ಲ, ನೀರನ್ನಂತೂ ಅಲ್ಲವೇ ಅಲ್ಲ.) ಕಾಲುವೆಯ ಮೇಲುಗಡೆ ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆ. ಅಲ್ಲಿ ಕೆಂಪು ತೊಳೆದ ದಿನ ಕಾಲುವೆ ಕೆಂಪು, ನೀಲಿ ತೊಳೆದ ದಿನ ನೀಲಿ. ಕೆಳಗಡೆ ಅದೇ ನೀರು ಕುಡಿದು ಬೆಳೆಯುವ ಸೊಪ್ಪಿನ ಮಡಿಗಳು. ಜನ ಗಲಾಟೆಯೆಬ್ಬಿಸಿದಾಗ ಸಾಹೇಬರು ಮೈಕು ಹಿಡಿದು, "ಈ ನೀರು ತಾಯಿಯ ಹಾಲಿನಷ್ಟು ಪರಿಶುದ್ಧ" ಎಂದು ಘೋಷಿಸಿದರು. ಮರುವಾರವೇ ಅವರ ಮನೆಗೆ ಕಾರ್ಖಾನೆಯ ಕಡೆಯಿಂದ ಎರಡು ಬಾಗಿಲಿನ ಫ್ರಿಜ್ಜು ಬಂತು. ಮನೆಗೆ ಬೇಕಾದ ಸೊಪ್ಪನ್ನು ಮಾತ್ರ ಅವರೇ ದೂರದ ಪೇಟೆಯಿಂದ ಹೊತ್ತು ತರುತ್ತಿದ್ದರು. ಯಾಕೆಂದು ಯಾರಿಗೂ ಹೇಳಿರಲಿಲ್ಲ.

ಈ ರಜಾದಿನ ಮೇಜಿನ ಮೇಲೆ ಒಂದು ಬಟ್ಟಲು: ಹಸಿ ಪುದೀನ, ಹಸಿಮೆಣಸು, ನಿಂಬೆಹುಳಿ ಸೇರಿಸಿ ಅರೆದದ್ದು. ಅದರೆದುರು ಹೆರಿಗೆಗೆಂದು ತವರಿಗೆ ಬಂದ ತುಂಬು ಬಸುರಿ ಮಗಳು, ಕೈಯಲ್ಲಿ ಬ್ರೆಡ್ಡು.

"ಇದೆಲ್ಲಿಂದ ಬಂತೇ?"

"ಕಾಲುವೆ ಪಕ್ಕದ ಮಡಿಯಿಂದ," ಎಂದಳು ಹೆಂಡತಿ. "ನೀವು ತರೋದು ಬಾಡಿ ಬತ್ತಿ ಆಗಿರತ್ತೆ ರೀ. ಇದು ನೋಡಿ, ಹೇಗೆ ಮೂಗಿಗೆ ಹೊಡೀತಿದೆ!"

"ಅಲ್ಲಿಂದ ಯಾಕೆ ತಂದೆ?"

"ಯಾಕೆ, ಏನಾಗಿದೆ ಅದಕ್ಕೆ?"

ಏನಾಗಿದೆಯೆಂದು ಈ ಭೂಮಂಡಲದಲ್ಲಿ ಚೆನ್ನಾಗಿ ಬಲ್ಲವರು ಅವರೇ. ಹೇಳಿದರೆ ಆಫೀಸಿನಲ್ಲಿ ಕೆಲಸ ಹೋಗುತ್ತದೆ, ಅದಕ್ಕೂ ಮೊದಲು ಮನೆಯಲ್ಲಿ ಮಾನ ಹೋಗುತ್ತದೆ. ಹೇಳದಿದ್ದರೆ ಮಗಳ ಬ್ರೆಡ್ಡು ಬಟ್ಟಲಿಗೆ ಇಳಿಯುತ್ತದೆ.

"ಪುದೀನ ಉಷ್ಣ ಕಣೇ."

"ತಂಪು ರೀ."

"ಅದೇ ಅಂದೆ. ಬಸುರಿಗೆ ತಂಪು ಆಗಲ್ಲ."

"ಡಾಕ್ಟರಮ್ಮನೇ ಸೊಪ್ಪು ತಿನ್ನು ಅಂದಿದಾರೆ. ನೀವು ನಿಮ್ಮ ನೀರು ನೋಡ್ಕೊಳ್ಳಿ, ಸೊಪ್ಪು ನಾನು ನೋಡ್ಕೋತೀನಿ."

"ಘಾಟಿಗೆ ವಾಂತಿ ಆಗತ್ತೆ ಪುಟ್ಟಿ."

"ಈ ಘಾಟಿಗೇ ಅಪ್ಪಾ ನಂಗೆ ನಾಲ್ಕು ತುತ್ತು ಇಳೀತಿರೋದು," ಎಂದು ಮಗಳು ಕೈ ಚಾಚಿದಳು.

ಸಾಹೇಬರು ಬಟ್ಟಲನ್ನು ಎಳೆದುಕೊಂಡರು. ಬ್ರೆಡ್ಡಿಲ್ಲ, ಚಮಚವಿಲ್ಲ, ಐದೂ ಬೆರಳಿನಲ್ಲಿ ಬಾಚಿ ಬಾಚಿ ಬಾಯಿಗೆ ತುಂಬಿಕೊಂಡರು. ಕಣ್ಣಲ್ಲಿ ನೀರು, ಮೀಸೆಯಲ್ಲಿ ಹಸಿರು. ಘೋರವೆಂದರೆ, ರುಚಿಯಾಗಿತ್ತು.

"ಅಯ್ಯಯ್ಯೋ! ಬಸುರಿ ಅವಳೋ ನೀವೋ?" ಎಂದು ಹೆಂಡತಿ ಹಣೆ ಚಚ್ಚಿಕೊಂಡಳು.

ಬಟ್ಟಲಿನ ತಳವನ್ನೂ ನೆಕ್ಕಿ ಕೆಳಗಿಟ್ಟಾಗ ಸಾಹೇಬರ ಎದೆ ಉಬ್ಬಿತು. ಒಂದೇ ಒಂದು ನಿಜ ಹೇಳದೆ ಮಗಳನ್ನೂ ಮೊಮ್ಮಗುವನ್ನೂ ಕಾಪಾಡಿದ ಮಹಾತ್ಮರು ಇತಿಹಾಸದಲ್ಲಿ ಎಷ್ಟು ಜನ ಇದ್ದಾರು?

"ತಿನ್ಲಿ ಬಿಡಮ್ಮ, ಪಾಪ," ಎಂದು ಮಗಳು ನಕ್ಕಳು. "ನಾನಂತೂ ಬಂದಾಗಿಂದ ದಿನಾ ಒಂದು ಲೋಟ ಇದರ ರಸ ಕುಡೀತಾನೇ ಇದೀನಲ್ಲ."

"ಏನು... ಯಾವಾಗ?"

"ನೀವು ಆಫೀಸಿಗೆ ಹೊರಟ ಮೇಲೆ," ಎಂದಳು ಹೆಂಡತಿ. "ಇದ್ದರೆ ಉಷ್ಣ ತಂಪು ಅಂತ ತಲೆ ತಿಂತೀರಲ್ಲ! ಮೊದಲೆಲ್ಲ ಉಪ್ಪುನೀರಲ್ಲಿ ನೆನೆಸಿ ತೊಳೀತಿದ್ದೆ. ನಿಮ್ಮ ಭಾಷಣ ಕೇಳಿದ ಮೇಲೆ ಅದನ್ನೂ ಬಿಟ್ಟೆ. ಕಟ್ಟಿಕೊಂಡ ಗಂಡನ ಮಾತು ನಂಬದೆ ಇನ್ಯಾರ ಮಾತು ನಂಬಲಿ ಹೇಳಿ?"

ಹಾಗೆನ್ನುತ್ತ ಅವಳು ಉಳಿದಿದ್ದ ಕಟ್ಟನ್ನು ಬಿಚ್ಚಿ ಮಿಕ್ಸಿಗೆ ತುರುಕಿ ಗುಂಡಿ ತಿರುಗಿಸಿದಳು. ಸಾಹೇಬರು ಎದ್ದು ನಿಂತು ಏನೋ ಕೂಗಿದರು. ಮಿಕ್ಸಿಯ ಗದ್ದಲದಲ್ಲಿ ಯಾರಿಗೂ ಕೇಳಿಸಲಿಲ್ಲ.

ಸದ್ದು ನಿಂತಿತು. "ಏನೋ ಅಂದ್ರಲ್ಲ, ಏನು?" ಎಂದು ಹೆಂಡತಿ ತಿರುಗಿದಳು. ಮಗಳೂ ತಲೆಯೆತ್ತಿ ನೋಡಿದಳು.

ಸಾಹೇಬರು ಮೆಲ್ಲಗೆ ಕುರ್ಚಿಯಲ್ಲಿ ಕುಳಿತರು.

"ಅದನ್ನೂ ನಂಗೇ ಹಾಕು ಅಂದೆ."