ಐದನೆಯವನ ಊಟ

ಜುಲೈ ಹದಿನೆಂಟು, ಸಂಜೆ ಆರೂ ಹತ್ತು. ಉಪಮೆಗಳ ವಿಷಯದಲ್ಲಿ ನಾನು ದುಂದುಗಾರ. ವಿದೇಶಿ ವಿದ್ಯಾರ್ಥಿಗಳಿಗೆ ಸಂಖ್ಯಾಶಾಸ್ತ್ರ ಕಲಿಸುವವನಿಗೆ ಬೇರೆ ದಾರಿಯೂ ಇಲ್ಲ. ಈ ಸೆಮಿಸ್ಟರಿನಲ್ಲಿ ಬಳಸಿದ್ದು ಮೂವತ್ತೊಂದು ಎಂದು ಡೈರಿ ಹೇಳುತ್ತದೆ. ಹತ್ತು ಅರ್ಥವಾದವು, ಇಪ್ಪತ್ತು ಆಗಲಿಲ್ಲ. ಉಳಿದ ಒಂದು ಎದ್ದು ನಡೆಯಿತು.

‘ಎರರ್’ ಎಂದರೆ ಎಷ್ಟು ಲೆಕ್ಕ ಹಾಕಿದರೂ ಕೈಗೆ ಸಿಗದೆ ಉಳಿಯುವ ವ್ಯತ್ಯಾಸ. ಅದನ್ನು ಹೀಗೆ ವಿವರಿಸಿದ್ದೆ: “ಮನೆಯಲ್ಲಿ ನಾಲ್ಕೇ ಜನ, ಆದರೆ ದಿನವೂ ಐದು ಜನರ ಅನ್ನ ಖರ್ಚಾಗುತ್ತದೆ. ಕಣ್ಣಿಗೆ ಕಾಣದ ಆ ಐದನೆಯವನೇ ಎರರ್.” ಇಡೀ ತರಗತಿ ತಲೆಯಾಡಿಸಿತು. ನಾನು ಹಿಗ್ಗಿ ಹೋಗಿ ಕ್ಯಾಂಟೀನಿನಲ್ಲಿ ಎರಡು ಗೋಳಿಬಜೆ ಹೆಚ್ಚೇ ತಿಂದೆ. ಮುಂದಿನ ವಾರ ತಾಂಜಾನಿಯಾದ ಜೋಸೆಫ್ ಬಂದ. ಅವನೂ ಮೂವರು ಗೆಳೆಯರೂ ಕಂಕನಾಡಿಯಲ್ಲಿ ಲಲಿತಕ್ಕನ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದಾರೆ. “ಸರ್, ದಿನವೂ ಒಂದು ತಟ್ಟೆ ಅನ್ನ ಕಡಿಮೆ ಬೀಳುತ್ತಿದೆ,” ಎಂದ. ಅಳೆದು ನೋಡಿದಿರಾ ಎಂದರೆ, “ಅಳೆಯಲು ಕಲಿಸಿದ್ದು ನೀವೇ,” ಎಂದ. ಅವರಲ್ಲಿ ಕಿರಿಯವನಾದ ಸ್ಯಾಮುಯೆಲ್ ನಿದ್ದೆಗೆಟ್ಟು, ಓದು ಬಿಟ್ಟು ಊರಿಗೆ ಮರಳಲು ಪೆಟ್ಟಿಗೆ ಕಟ್ಟಿದ್ದನಂತೆ. ನನ್ನ ಒಂದು ಉಪಮೆಗೆ ಒಬ್ಬ ಹುಡುಗನ ಪದವಿಯೇ ಹೋಗುವುದರಲ್ಲಿತ್ತು.

ಅಂದೇ ಹೋದೆ. ಲಲಿತಕ್ಕ ಮೆಟ್ಟಿಲಲ್ಲೇ ತಡೆದರು. “ಎಂತ ಮಾಸ್ಟ್ರೇ, ಹೆಸರಿಲ್ಲದವನನ್ನು ಹಾಗೆ ಬಾಯಿಬಿಟ್ಟು ಮನೆಗೆ ಕರೆಯುವುದುಂಟಾ?”

“ಅದು ಬರೀ ಉದಾಹರಣೆ, ಲಲಿತಕ್ಕ.”

“ನಿಮಗೆ ಗೊತ್ತುಂಟು. ಅವನಿಗೆ ಗೊತ್ತುಂಟಾ ಮಾರಾಯ್ರೆ? ಕರೆದವರೇ ಬಡಿಸಿ ಕಳಿಸಬೇಕು.”

ನಮ್ಮ ತುಳುವರ ಮನೆಗಳಲ್ಲಿ ತೀರಿಹೋದ ಹಿರಿಯರಿಗೆ ಎಲೆ ಬಡಿಸಿ, ಬಾಗಿಲು ಮುಚ್ಚಿ, ಸ್ವಲ್ಪ ಹೊತ್ತು ಎಲ್ಲರೂ ಹೊರಗೆ ನಿಲ್ಲುವ ಕ್ರಮವಿದೆ. ಹಾಗೆಯೇ ಬಾಳೆಲೆಯಲ್ಲಿ ಕುಚ್ಚಲಕ್ಕಿ ಅನ್ನ, ಕೋಳಿ ಸಾರು ಬಡಿಸಿ, ಪಕ್ಕದಲ್ಲಿ ಒಂದು ಲೋಟ ನೀರಿಟ್ಟು, ಎಂ.ಎಸ್ಸಿ. ಓದಿದ ನಾನು ಖಾಲಿ ಜಾಗಕ್ಕೆ ಕೈಮುಗಿದು “ತಪ್ಪಾಯಿತು, ಇನ್ನು ಹೊರಡಿ,” ಎಂದೆ. ಏಕವಚನಕ್ಕೆ ಧೈರ್ಯ ಬರಲಿಲ್ಲ. ಬಾಗಿಲು ಮುಚ್ಚಿ ಆರು ಜನವೂ ಹೊರಗೆ ನಿಂತೆವು. ಒಳಗೆ ಲೋಟದ ಸದ್ದಾಯಿತು. ಬಿದ್ದ ಸದ್ದಲ್ಲ, ಕುಡಿದು ಇಟ್ಟ ಸದ್ದು.

ಹೊರಡುವಾಗ ಲಲಿತಕ್ಕ ಅನ್ನ-ಸಾರಿನ ಎರಡು ಕಟ್ಟು ಕೈಗಿತ್ತರು. “ನಾನು ಒಬ್ಬನೇ ಅಲ್ವಾ?” ಎಂದೆ. “ನಿಮ್ಮ ಒಟ್ಟಿಗೆ ಬರುವವರಿಗೆ ಬೇಡವಾ?” ಎಂದರು.

ಸ್ಯಾಮುಯೆಲ್ ಪೆಟ್ಟಿಗೆ ಬಿಚ್ಚಿದ. ಮರುದಿನ ತರಗತಿಯಲ್ಲಿ ಅವನ ಮುಖದ ತುಂಬ ಒಳ್ಳೆಯ ನಿದ್ದೆಯ ಕಳೆ. ನನ್ನ ಕೋಣೆಯ ಮೇಜಿನ ಮೇಲಿದ್ದ ಎರಡನೆಯ ಕಟ್ಟಿನಲ್ಲಿ ಬೆಳಿಗ್ಗೆ ಎಲೆ ಮಾತ್ರ ಉಳಿದಿತ್ತು. ಬೆಕ್ಕು ಎಂದು ಡೈರಿಯಲ್ಲಿ ಬರೆದೆ. ಮೂರನೆಯ ಮಹಡಿ, ಕಿಟಕಿ ಮುಚ್ಚಿತ್ತು, ಆದರೂ ಬೆಕ್ಕೇ. ಉಂಡ ಎಲೆಯನ್ನು ಒಪ್ಪವಾಗಿ ಮಡಚಿಡುವ ಬೆಕ್ಕು.

ಮುಂದಿನ ಬ್ಯಾಚಿಗೆ ಇದೇ ಪಾಠ ಮತ್ತೆ ಮಾಡಬೇಕು. ಹೊಟ್ಟೆಯಿಲ್ಲದ ಉದಾಹರಣೆ ಯಾರಿಗಾದರೂ ಗೊತ್ತಿದ್ದರೆ ದಯವಿಟ್ಟು ಬೇಗ ಬರೆದು ತಿಳಿಸಿ. ನನ್ನ ಡಬ್ಬಿಯಲ್ಲಿ ಅಕ್ಕಿ ಮುಗಿಯುತ್ತಾ ಬಂದಿದೆ.