ಒಂದು ಡಿಸ್ಕೂ ಪುಕ್ಕಟೆ ಹೋಗುವುದಿಲ್ಲ

ಬೇಡವಾದ ವಸ್ತುವನ್ನು ಮಾರಲು ಹೊರಟವರಿಗೆ ಉಪದೇಶಕರು ಸಿಗುವಷ್ಟು ಸುಲಭವಾಗಿ ಗಿರಾಕಿಗಳು ಸಿಗುವುದಿಲ್ಲ. ಈ ಸತ್ಯ ನನಗೆ ಪದೇ ಪದೇ ಮನವರಿಕೆಯಾಗುತ್ತಲೇ ಇದೆ. ಮುಂಬಯಿ ಬಳಿಯ ಡೊಂಬಿವಲಿಯ ನಮ್ಮ ಫ್ಲ್ಯಾಟಿನ ಕಪಾಟಿನ ತುಂಬ ಹಾಡಿನ, ಸಿನಿಮಾದ, ಪ್ರವಚನದ ಡಿಸ್ಕುಗಳು. ಎಲ್ಲವೂ ನನ್ನ ಸಂಬಳದಲ್ಲಿ ಕೊಂಡವು.

"ಇದನ್ನೆಲ್ಲ ಈಗ ಯಾರು ಕೇಳ್ತಾರೆ ಮಾರಾಯ್ತಿ? ಕಸದ ಗಾಡಿಗೆ ಹಾಕು," ಎಂದರು ಯಜಮಾನರು.

"ಕಸದ ಗಾಡಿಗೆ ನಿಮ್ಮ ಹಳೆಯ ಕ್ರಿಕೆಟ್ ಬ್ಯಾಟನ್ನು ಹಾಕುತ್ತೇನೆ. ನನ್ನ ಒಂದು ಡಿಸ್ಕೂ ಪುಕ್ಕಟೆ ಹೋಗುವುದಿಲ್ಲ," ಎಂದೆ. ಹೇಳಿದ ಮೇಲೆ ಮಾತು ಉಳಿಸಿಕೊಳ್ಳಬೇಕಲ್ಲ!

೧

ಮೊದಲು ಸ್ಟೇಷನ್ ಬಳಿಯ ರದ್ದಿ ಅಂಗಡಿಗೆ ಹೋದೆ. ಅಂಗಡಿಯವನು ಒಂದು ಡಬ್ಬಿಯನ್ನು ತೆರೆದು, ಡಿಸ್ಕನ್ನು ತೆಗೆದು ನನ್ನ ಕೈಗಿತ್ತು, ಖಾಲಿ ಡಬ್ಬಿಯನ್ನು ತಕ್ಕಡಿಗೆ ಹಾಕಿದ.

"ಪ್ಲಾಸ್ಟಿಕ್‌ಗೆ ದುಡ್ಡು ಕೊಡ್ತೀನಿ ಭಾಭಿ. ಒಳಗಿನದು ನೀವೇ ಇಟ್ಕೊಳ್ಳಿ."

ಮದುಮಗನನ್ನು ಬಿಟ್ಟು ಪೇಟವನ್ನಷ್ಟೇ ಒಪ್ಪಿಕೊಂಡ ಆ ಸಂಬಂಧವನ್ನು ಅಲ್ಲಿಯೇ ಮುರಿದು ಬಂದೆ.

೨

"ಶಹಾಡ್‌ನಲ್ಲಿ ಒಬ್ಬನಿದ್ದಾನೆ. ಡಿಸ್ಕಿನಿಂದ ಬೆಳ್ಳಿ ತೆಗೀತಾನೆ. ಕೇಳಿದಷ್ಟು ಕೊಡ್ತಾನೆ," ಎಂದರು ಭಾವ.

"ನೀವು ನೋಡಿದ್ದೀರಾ?"

"ನಾನಲ್ಲ, ನಮ್ಮ ಆಫೀಸಿನವನ ಷಡ್ಡಕ ನೋಡಿದ್ದಾನೆ."

ದಂತಕಥೆಗಳನ್ನು ಯಾವಾಗಲೂ ಷಡ್ಡಕರೇ ನೋಡಿರುತ್ತಾರೆ. ಆದರೂ ಪರೀಕ್ಷಿಸದೆ ತಿರಸ್ಕರಿಸುವುದು ನನ್ನ ಸ್ವಭಾವವಲ್ಲ. ಶಹಾಡ್‌ನಲ್ಲಿ ಇಳಿದು ವಿಚಾರಿಸಿದರೆ, "ಅವನು ಕಲ್ಯಾಣದಲ್ಲಿ," ಎಂದರು. ಒಂದು ಸ್ಟೇಷನ್ ಹಿಂದಿನ ಕಲ್ಯಾಣಕ್ಕೆ ಮರಳಿದರೆ, "ಅವನು ಶಹಾಡ್‌ನಲ್ಲಿ," ಎಂದರು. ಕೊನೆಗೆ ಚಹಾದಂಗಡಿಯವನು ವಿನಯದಿಂದ ಹೇಳಿದ: "ಸಿಕ್ಕಿದರೆ ನನಗೂ ತಿಳಿಸಿ ಮೇಡಂ. ನಮ್ಮ ಮನೆಯಲ್ಲೂ ಒಂದು ಚೀಲ ಬಿದ್ದಿದೆ."

೩

ಮೊಬೈಲಿನಲ್ಲಿ ಜಾಹೀರಾತು ಹಾಕಿದೆ. ಬೇಲಾಪುರದ ಕಚೇರಿಯೊಂದರ ಗುಮಾಸ್ತರು ಆಸಕ್ತಿ ತೋರಿದರು. ಇಬ್ಬರಿಗೂ ನಡುವಿನ ಊರೆಂದು ಠಾಣೆ ಸ್ಟೇಷನ್ನಿನಲ್ಲಿ ಭೇಟಿಯಾದೆವು. ನನ್ನ ಕೈಯಲ್ಲಿ ಡಿಸ್ಕುಗಳ ಚೀಲ. ಅವರ ಕೈಯಲ್ಲಿ ಅದಕ್ಕಿಂತ ದೊಡ್ಡ ಚೀಲ.

"ಪ್ಲೇಯರ್ ತಂದಿದ್ದೀನಿ," ಎಂದರು. ಹಾಕಿ ನೋಡಿಯೇ ಕೊಳ್ಳುವ ಜಾಗರೂಕ ಮನುಷ್ಯರೆಂದು ಗೌರವ ಮೂಡಿತು.

"ಯಾವುದನ್ನು ಮೊದಲು ಕೇಳುತ್ತೀರಿ?"

"ಕೇಳೋದೇನು ಮೇಡಂ? ಇದು ಮಾರಾಟಕ್ಕೆ. ಇಷ್ಟೊಂದು ಡಿಸ್ಕ್ ಇಟ್ಟುಕೊಂಡವರು ತಗೊಳ್ಳದೆ ಇನ್ಯಾರು ತಗೋತಾರೆ?"

೪

ಕೊನೆಗೆ ನಮ್ಮ ಹೌಸಿಂಗ್ ಸೊಸೈಟಿಯ ಸೆಕ್ರೆಟರಿಯೇ ಬಾಗಿಲು ತಟ್ಟಿದರು. ನನ್ನನ್ನು 'ವಹಿನಿ', ಅಂದರೆ ಅತ್ತಿಗೆ, ಎಂದು ಕರೆಯುವ ಮರಾಠಿಗರು.

"ಹೊಳೆಯುವ ಡಿಸ್ಕ್ ತೂಗುಹಾಕಿದರೆ ಪಾರಿವಾಳ ಬಾಲ್ಕನಿಯತ್ತ ಸುಳಿಯುವುದಿಲ್ಲ ವಹಿನಿ. ಎಲ್ಲರಿಗೂ ಗೊತ್ತು."

"ಪಾರಿವಾಳಗಳಿಗೆ ಗೊತ್ತೇ?"

"ಹೇಗೂ ಕಸ ತಾನೆ, ಹಾಗೇ ಕೊಟ್ಟುಬಿಡಿ."

"ಕಸ ಬೇಕಾದರೆ ಗಾಡಿಯಲ್ಲಿ ಹುಡುಕಿಕೊಳ್ಳಿ. ಇಲ್ಲಿರುವುದಕ್ಕೆ ನಗದು."

ಅವರು ಗೊಣಗುತ್ತಲೇ ಹಣ ಕೊಟ್ಟರು. ಗೀರು ಬಿದ್ದ ಪ್ರವಚನದ ಡಿಸ್ಕುಗಳನ್ನು ಬಿಟ್ಟು, ಹೊಳೆಯುವುದೆಲ್ಲವನ್ನೂ ಆರಿಸಿ ಒಯ್ದರು.

ಕೆಲವು ದಿನಗಳಾದ ಮೇಲೆ ಕೆಂಪೇರಿದ ಮುಖದೊಂದಿಗೆ ಮತ್ತೆ ಬಂದರು.

"ಹಣ ವಾಪಸ್ ಕೊಡಿ! ಡಿಸ್ಕಿನ ಎದುರಿಗೇ ಜೋಡಿ ಪಾರಿವಾಳ ಗೂಡು ಕಟ್ಟಿದೆ!"

"ಕಟ್ಟದೆ ಇನ್ನೇನು? ನೀವು ಆರಿಸಿದವೆಲ್ಲ ಪ್ರೇಮಗೀತೆಗಳು," ಎಂದೆ. "ಕೇಳಿದವರು ಎದ್ದು ಓಡುವ ಪ್ರವಚನಗಳನ್ನು ನೀವೇ ಬೇಡವೆಂದಿರಿ."

ಸೆಕ್ರೆಟರಿ ಗಂಭೀರವಾಗಿ ಯೋಚಿಸಿದರು. ಆಮೇಲೆ ದನಿ ತಗ್ಗಿಸಿ ಕೇಳಿದರು: "ಅವು ಇನ್ನೂ ಇವೆಯೇ ವಹಿನಿ? ಎಷ್ಟಕ್ಕೆ ಕೊಡುತ್ತೀರಿ?"

ಕಪಾಟು ಖಾಲಿಯಾಯಿತು. ನಾನು ಯಜಮಾನರತ್ತ ತಿರುಗಿದೆ. ಅವರು ಎದ್ದು ಹೋಗಿ, ತಮ್ಮ ಬ್ಯಾಟನ್ನು ಮಂಚದ ಕೆಳಗೆ ಒಳಕ್ಕೆ ತಳ್ಳಿದರು.