ಎದೆಯ ಮೇಲೆ ದಾನಿಯ ಹೆಸರು

ನಮ್ಮ ಸಂಘವು ಹೆಮ್ಮಾಡಿಯಲ್ಲಿ ನಡೆಸಿದ ಆಂಬ್ಯುಲೆನ್ಸ್ ಸಿಬ್ಬಂದಿ ತರಬೇತಿ ಶಿಬಿರದಲ್ಲಿ ಒಬ್ಬ ರೋಗಿಯೂ ತೀರಿಕೊಳ್ಳಲಿಲ್ಲ ಎಂದು ಕಾರ್ಯದರ್ಶಿಯಾದ ನಾನು ಹೆಮ್ಮೆಯಿಂದ ದಾಖಲಿಸುತ್ತೇನೆ. ರೋಗಿ ರಬ್ಬರಿನ ಗೊಂಬೆಯಾಗಿತ್ತಲ್ಲ ಎಂದು ಕೊಂಕು ತೆಗೆಯುವವರು ಎಲ್ಲ ಊರಲ್ಲೂ ಇರುತ್ತಾರೆ, ಬಿಡಿ.

ಗೊಂಬೆ ಕೊಟ್ಟವರು ಮುಂಬೈಯಲ್ಲಿ ಹೋಟೆಲು ನಡೆಸುವ ದಾಮೋದರಣ್ಣ. ನಮ್ಮಲ್ಲಿ ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನಿಂದ ಹಿಡಿದು ಶಾಲೆಯ ಫ್ಯಾನಿನ ರೆಕ್ಕೆಯವರೆಗೆ ದಾನಿಯ ಹೆಸರಿಲ್ಲದ ವಸ್ತುವಿಲ್ಲ. ಹಾಗಾಗಿ ಗೊಂಬೆಯ ಎದೆಯ ನಟ್ಟನಡುವೆ ಕೆಂಪು ಬಣ್ಣದಲ್ಲಿ ಅವರ ಹೆಸರು ಬರೆಸಿದೆವು. ಉಸಿರು ನಿಂತವರನ್ನು ಉಳಿಸಲು ಒತ್ತಬೇಕಾದ್ದು ಸರಿಯಾಗಿ ಅಲ್ಲೇ ಎಂದು ಆಮೇಲೆ ತಿಳಿಯಿತು. ದಾನಿಯ ಹೆಸರನ್ನು ಅಂಗೈಯಿಂದ ಅದುಮುವುದೆಂದರೆ! ಅಧ್ಯಕ್ಷ ರಾಜೇಂದ್ರಣ್ಣ ನಿಂತಲ್ಲೇ ನಿಯಮ ಮಾಡಿದರು: 'ಹೆಸರಿರುವ ಎದೆಯನ್ನು ಯಾರೂ ಮುಟ್ಟತಕ್ಕದ್ದಲ್ಲ. ಒತ್ತುವ ಅಭ್ಯಾಸವನ್ನು ಒಂದು ಗೇಣು ಮೇಲೆ, ಗಾಳಿಯಲ್ಲಿ ಮಾಡತಕ್ಕದ್ದು.' ಶಿಬಿರಾರ್ಥಿಗಳು ಬೆವರು ಸುರಿಸಿ ಗಾಳಿಯನ್ನು ಒತ್ತಿದರು. ಎಲ್ಲರಿಗಿಂತ ಚೆಂದ ಒತ್ತಿದ ಅಕ್ಷಿತಾಗೆ ಪ್ರಥಮ ಬಹುಮಾನ.

ಸಮಾರೋಪದ ದಿನ ವೇದಿಕೆಯಲ್ಲಿ ದಾಮೋದರಣ್ಣನಿಗೆ ಶಾಲು ಹೊದಿಸುತ್ತಿದ್ದಾಗ ಮೀನಿನ ಟೆಂಪೊ ಒಂದು ಅಂಗಳಕ್ಕೆ ನುಗ್ಗಿತು. ಉಪ್ಪುಂದದ ಮೀನುಗಾರ ಸೋಮನಿಗೆ ಎದೆನೋವು. ಆಂಬ್ಯುಲೆನ್ಸು ನಮ್ಮಲ್ಲಿ ಪ್ರದರ್ಶನಕ್ಕಿದ್ದುದರಿಂದ ಹೆಂಡತಿ ರತ್ನ ಅವನನ್ನು ಟೆಂಪೊದಲ್ಲೇ ಕುಂದಾಪುರದ ಆಸ್ಪತ್ರೆಗೆ ಒಯ್ಯುತ್ತಿದ್ದಳು. ನಮ್ಮ ಗೇಟಿನ ಹತ್ತಿರ ಬರುವಾಗ ಉಸಿರೇ ನಿಂತಿತು.

"ಹ್ವಾಯ್, ಇವ್ರ್ ಉಸ್ರಾಡುದಿಲ್ಲೆ ಮರಾಯ್ರೆ! ಯಾರಾರೂ ಬನ್ನಿ!"

ಅಕ್ಷಿತಾ ಓಡಿಬಂದಳು, ಮಂಡಿಯೂರಿದಳು, ಕೈ ಮೇಲೆ ಕೈ ಇಟ್ಟಳು, ಎದೆಯಿಂದ ಒಂದು ಗೇಣು ಮೇಲೆ ನಿಲ್ಲಿಸಿದಳು. ಸೋಮ ತೊಟ್ಟಿದ್ದು ಕ್ರಿಕೆಟ್ ಟೂರ್ನಮೆಂಟಿನ ಟೀಶರ್ಟು. ಪ್ರಾಯೋಜಕರು ದಾಮೋದರಣ್ಣ, ಹೆಸರು ಎದೆಯ ನಟ್ಟನಡುವೆ, ಕೆಂಪು ಬಣ್ಣದಲ್ಲಿ. ತರಬೇತಿ ಎಷ್ಟು ಚೆನ್ನಾಗಿ ನಾಟಿತ್ತೆಂದರೆ ನನಗೆ ಕಣ್ಣು ತುಂಬಿ ಬಂತು.

"ಎಂತ ಕಾಣ್ತಾ ಕೂಕಂಡದ್ದ್? ಒತ್ತೆ ಹೆಣ್ಣೇ!" ಎಂದಳು ರತ್ನ.

"ಹೆಸ್ರ್ ಇತ್ತಲೆ ಅಕ್ಕ..."

"ಗಡಿಬಿಡಿ ಮಾಡ್ಬೇಡಿ, ದಾನಿಗಳತ್ರ ಕೇಂಡ್ಕಂಡ್ ಬತ್ತೆ" ಎಂದು ರಾಜೇಂದ್ರಣ್ಣ ವೇದಿಕೆಗೆ ಹೋದರು. ಅಲ್ಲಿ ಸನ್ಮಾನಪತ್ರ ಓದುತ್ತಿದ್ದರು. ಓದುವಾಗ ಮಧ್ಯೆ ಬಾಯಿ ಹಾಕುವ ಪದ್ಧತಿ ನಮ್ಮಲ್ಲಿಲ್ಲವಾದ್ದರಿಂದ ಅವರು ಕೈಕಟ್ಟಿ ನಿಂತರು.

"ಹೆಸ್ರಿಗ್ ಎಂತ ಆತಿಲ್ಲೆ, ಇವ್ರ್ ಹೋತ್ರ್!" ರತ್ನ ಅಳುತ್ತಲೇ ಟೀಶರ್ಟನ್ನು ಕುತ್ತಿಗೆಯವರೆಗೆ ಎಳೆದೆತ್ತಿದಳು. ಬರಿಯ ಎದೆ. ಹೆಸರಿಲ್ಲದ ಎದೆಯ ಬಗ್ಗೆ ನಿಯಮದಲ್ಲಿ ಏನೂ ಇರಲಿಲ್ಲ. ಅಕ್ಷಿತಾ ಒತ್ತಿದಳು, ಮೊದಲ ಸಲ ನಿಜವಾಗಿ. ಸನ್ಮಾನಪತ್ರ ಮುಗಿದು ಚಪ್ಪಾಳೆ ಬೀಳುವ ಹೊತ್ತಿಗೆ ಸೋಮ ಕೆಮ್ಮಿದ. ಗೊಂಬೆಯನ್ನು ಸ್ಟ್ರೆಚರಿನಿಂದ ಇಳಿಸಿ ಅವನನ್ನು ಆಸ್ಪತ್ರೆಗೆ ಒಯ್ದರು.

ಸಂಘ ಕಣ್ಣುಮುಚ್ಚಿ ಕೂರಲಿಲ್ಲ. 'ದಾನಿಗಳ ಹೆಸರಿರುವ ಅಂಗಿಗಳನ್ನು ಸಾರ್ವಜನಿಕರು ಇನ್ನು ಮುಂದೆ ಹಿಂದುಮುಂದಾಗಿ ತೊಡತಕ್ಕದ್ದು' ಎಂದು ಪ್ರಕಟಣೆ ಹೊರಡಿಸಿದೆವು. ದಾಮೋದರಣ್ಣ ದೊಡ್ಡ ಮನಸ್ಸು ಮಾಡಿ ಒಪ್ಪಿದರು. ಟೂರ್ನಮೆಂಟಿನ ಫೋಟೊಗಳನ್ನು ಈಗ ಬೆನ್ನ ಹಿಂದಿನಿಂದ ತೆಗೆಯುತ್ತಾರೆ. ಕಾಲರು ಗಂಟಲಿಗೆ ಒತ್ತುತ್ತದೆ, ಆದರೆ ಯಾರದೂ ತಕರಾರಿಲ್ಲ. ಗೊಂಬೆಯ ನಿಯಮ ಮಾತ್ರ ಹಾಗೇ ಇದೆ.

ಸೋಮ ಚೇತರಿಸಿಕೊಂಡು ಮತ್ತೆ ದೋಣಿಗೆ ಹೋಗುತ್ತಿದ್ದಾನೆ. ಅವನು ಹೊರಡುವಾಗ ರತ್ನ ಬಾಗಿಲಲ್ಲಿ ತಡೆದು ಅಂಗಿ ಸರಿಯಾಗಿ ತಿರುಗಿದೆಯೇ ಎಂದು ನೋಡಿ, ಎದೆಯ ಮೇಲೆ ಅಂಗೈಯಿಟ್ಟು ಸ್ವಲ್ಪ ಹೊತ್ತು ನಿಲ್ಲುತ್ತಾಳೆ.

"ಹಾಂ, ಖಾಲಿ ಇತ್ತ್. ಹೋಯಿ ಬನ್ನಿ."